ಗರಿ ಉದುರುವ ಕಾಲ

ದರ್ಜಿ ಯಜಮಾನರು ಬಾಗಿಲು ತಟ್ಟಲಿಲ್ಲ. ಮೊಣಕೈಯಿಂದ ನೂಕಿಕೊಂಡೇ ಒಳಗೆ ಬಂದರು. ಎರಡೂ ಕೈ ಸೇರಿಸಿ ಬೊಗಸೆ ಮಾಡಿಕೊಂಡಿದ್ದರು. ಬೊಗಸೆಯಲ್ಲಿ ಕೋಟಿನ ಒಳಗೆ ಹಾಕುವ ನುಣುಪಾದ ಅಸ್ತರಿನ ತುಂಡು, ಅದರೊಳಗೆ ಹಳದಿ ಬಣ್ಣದ ಒಂದು ಪುಟ್ಟ ಮುದ್ದೆ.

"ಡಾಕ್ಟರಮ್ಮ, ಇದಕ್ಕೆ ವಿಷ ಹಾಕಿದ್ದಾರೆ. ಯಾವ ವಿಷ ಅಂತ ನೀವು ಹೇಳಿ. ಹಾಕಿದ್ದು ಯಾರು ಅಂತ ನಾನು ಹೇಳ್ತೀನಿ."

ಕಿಟಕಿಯ ಪಕ್ಕ ಪತ್ರಿಕೆ ಓದುತ್ತಿದ್ದ ಮೈದುನ ಕನ್ನಡಕವನ್ನು ಹಣೆಗೇರಿಸಿ ನೋಡಿದ. ಅವನು ನಕ್ಷೆ ಬರೆಯುವ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆಯ ಮನೆಯಲ್ಲೇ ಇದ್ದ. ಅತ್ತಿಗೆ ಸರ್ಕಾರಿ ಪಶುವೈದ್ಯ ಪ್ರಯೋಗಾಲಯದಲ್ಲಿ ಸತ್ತ ಕೋಳಿ, ಸತ್ತ ಗಿಳಿಗಳನ್ನು ಕೊಯ್ದು ಸಾವಿನ ಕಾರಣ ಹುಡುಕುತ್ತಿದ್ದವರು. ಆ ಹುಡುಕುವ ಚಟ ನಿವೃತ್ತಿಯ ನಂತರ ಬೀದಿಯ ತುಂಬ ಹರಡಿಕೊಂಡಿತ್ತು. ಕಳೆದುಹೋದ ಓಲೆಯಿಂದ ಹಿಡಿದು ಒಡೆದ ಗಾಜಿನವರೆಗೆ ಎಲ್ಲರೂ ಡಾಕ್ಟರಮ್ಮನ ಬಳಿಗೇ ಬರುತ್ತಿದ್ದರು. ಜೊತೆಗೆ ಹೋಗುತ್ತಿದ್ದವನು ಇವನಾದ್ದರಿಂದ ಬೀದಿಗೆಲ್ಲ ಅವನ ಹೆಸರು ಮೈದುನ ಎಂದೇ ಆಗಿಬಿಟ್ಟಿತ್ತು.

"ಮೊದಲು ಕೂತ್ಕೊಳ್ಳಿ," ಎಂದರು ಅತ್ತಿಗೆ. "ನಡುಗ್ತಾ ಇದೀರಿ."

ಯಜಮಾನರು ನಿಜಕ್ಕೂ ನಡುಗುತ್ತಿದ್ದರು. ಹೆಗಲ ಮೇಲೆ ಶಾಲು, ಕಣ್ಣು ಕೆಂಪು. ಮಾತಿನ ನಡುವೆ ಒಣ ಕೆಮ್ಮು. "ರಾತ್ರಿಯೆಲ್ಲ ಅದರ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತಿದ್ದೆ. ಬೆಳಗಿನ ಜಾವ ಕಣ್ಣಿಗೆ ಜೊಂಪು ಹತ್ತಿತು. ಎದ್ದು ನೋಡಿದ್ರೆ ಬೋರಲಾಗಿ ಬಿದ್ದಿತ್ತು. ಸಂಕಟಕ್ಕೆ ಮೈಯೆಲ್ಲ ಚಳಿ ಹಿಡಿದಿದೆ, ಅಷ್ಟೆ. ನನ್ನ ವಿಷಯ ಬಿಡಿ."

"ಹಾಕಿದ್ದು ಯಾರು ಅಂತೀರಿ?"

"ನನ್ನ ಸೊಸೆ."

ಮೈದುನ ಪತ್ರಿಕೆ ಮಡಿಸಿಟ್ಟ. ಆ ಹೆಣ್ಣುಮಗಳನ್ನು ಅವನು ದಿನವೂ ನೋಡುತ್ತಿದ್ದ. ತಮ್ಮ ಮನೆಯ ಕೆಳಗಿನ ದರ್ಜಿ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮೇಲೆ ಬಗ್ಗಿರುತ್ತಿದ್ದ ತಲೆ, ಬಾಯಲ್ಲಿ ಸಾಲಾಗಿ ಕಚ್ಚಿಕೊಂಡ ಗುಂಡುಸೂಜಿಗಳು. ಯಜಮಾನರ ಒಬ್ಬನೇ ಮಗ ಹೋದ ವರ್ಷ ತೀರಿಕೊಂಡ. ಅವನು ಸಾಕಿದ ಕೆನರಿ ಹಕ್ಕಿ ಇದು. ಅವನು ಬಟ್ಟೆ ಕತ್ತರಿಸುತ್ತ ಸಿಳ್ಳೆ ಹಾಕಿದರೆ ಹಕ್ಕಿ ಗಂಟಲುಬ್ಬಿಸಿ ಎದುರು ಹಾಡುತ್ತಿತ್ತು. ಅವನು ಹೋದ ಮೇಲೂ ಹಕ್ಕಿ ಹಾಡುತ್ತಲೇ ಇತ್ತು. ಅಪ್ಪ ಅದರ ಎದುರು ಕುರ್ಚಿ ಹಾಕಿಕೊಂಡು ಕೇಳುತ್ತಲೇ ಇದ್ದರು.

"ಅವಳು ಇವತ್ತು ಸಂಜೆಯೊಳಗೆ ಪೆಟ್ಟಿಗೆ ಕಟ್ಟಬೇಕು," ಎಂದರು ಯಜಮಾನರು. "ಮಗಳೂ ಅದನ್ನೇ ಅಂತಾಳೆ. ಆದ್ರೆ ನಾನು ಅನ್ಯಾಯದ ಮನುಷ್ಯ ಅಲ್ಲ. ನಿಮ್ಮ ಬಾಯಿಂದ ಒಂದು ಮಾತು ಬರಲಿ ಅಂತ ಬಂದೆ."

"ಪೆಟ್ಟಿಗೆ ಕಟ್ಟಿ ಹೋಗೋದೆಲ್ಲಿಗೆ? ಅವಳಿಗೆ ತವರುಮನೆ ಇಲ್ಲವಲ್ಲ."

ಯಜಮಾನರು ಶಾಲನ್ನು ಬಿಗಿಯಾಗಿ ಎಳೆದುಕೊಂಡರು.

"ಹಕ್ಕಿಗೆ ಏನಾಗಿತ್ತು ಅಂತ ಮೊದಲಿಂದ ಹೇಳಿ," ಎಂದರು ಅತ್ತಿಗೆ.

"ಬೇಸಿಗೆ ಮುಗೀತಿದ್ದ ಹಾಗೆ ಹಾಡು ನಿಂತುಹೋಯ್ತು. ಪಂಜರದ ತಳದ ತುಂಬ ಗರಿ. ಕತ್ತಿನ ಹತ್ತಿರ ಬೋಳು. ಮಂಕಾಗಿ ಒಂದು ಕಡೆ ಕೂತಿರೋದು. ನಾನು ಕಾಯಿಲೆ ಅಂದೆ. ಅವಳು 'ಇಲ್ಲ ಮಾವ, ಇದು ಗರಿ ಉದುರೋ ಕಾಲ, ವರ್ಷಾ ವರ್ಷಾ ಆಗುತ್ತೆ' ಅಂದ್ಲು. ಮಗಳು ಹಕ್ಕಿ ಅಂಗಡಿಯಿಂದ ಔಷಧಿ ತಂದ್ರೆ ಅದನ್ನ ಹಾಕೋಕೂ ಬಿಡಲಿಲ್ಲ."

"ಕೂತಿದ್ದು ಕೋಲಿನ ಮೇಲೋ, ತಳದಲ್ಲೋ?"

"ಕೋಲಿನ ಮೇಲೆ."

"ಉಸಿರಾಡುವಾಗ ಬಾಲ ಮೇಲೆ ಕೆಳಗೆ ತೂಗ್ತಿತ್ತಾ? ಬಾಯಿ ತೆರೀತಿತ್ತಾ?"

"ಅದೆಲ್ಲ ನಾನು ಕಂಡಿಲ್ಲ."

"ಕಾಳು ತಿಂತಿತ್ತಾ? ನೀರಲ್ಲಿ ಮೀಯ್ತಿತ್ತಾ? ಕೈ ಹಾಕಿದ್ರೆ?"

"ತಿನ್ನೋದು ಮಾಮೂಲಿಗಿಂತ ಜಾಸ್ತಿನೇ. ಕೈ ಹಾಕಿದ್ರೆ ಆ ಮೂಲೆಯಿಂದ ಈ ಮೂಲೆಗೆ ಹಾರೋದು." ಯಜಮಾನರು ರೇಗಿದರು. "ತಿಂದ್ರೆ ಕಾಯಿಲೆ ಇಲ್ಲ ಅಂತಾನಾ ಅರ್ಥ? ಮನುಷ್ಯರು ಕೊನೇ ದಿನದವರೆಗೂ ತಿಂತಾರೆ."

"ನಿನ್ನೆ ರಾತ್ರಿ ಅದಕ್ಕೆ ಏನಾದ್ರೂ ಮಾಡಿದ್ರಾ?"

"ಮಾಡೋದೇನು? ಬೆಚ್ಚಗಿಟ್ಟು ಕಾಯ್ತಾ ಕೂತೆ."

*

ಅವರು ಹೋದ ಮೇಲೆ ಅತ್ತಿಗೆ ಹಳೆಯ ಸಣ್ಣ ಕತ್ತರಿ, ಚಿಮಟ, ಭೂತಗನ್ನಡಿ ತೆಗೆದರು. ಮೈದುನ ದೀಪ ಹಿಡಿದ. ಇಷ್ಟು ವರ್ಷವಾದರೂ ಅವನಿಗೆ ಕೊಯ್ಯುವ ಹೊತ್ತಿನಲ್ಲಿ ಗೋಡೆ ನೋಡುವ ಅಭ್ಯಾಸ ಹೋಗಿರಲಿಲ್ಲ.

"ಗೋಡೆ ಮೇಲೆ ನಕ್ಷೆ ಇದೆಯೇನು? ಇಲ್ಲಿ ನೋಡು," ಎಂದರು ಅತ್ತಿಗೆ. "ತಲೆ ಮೇಲೆ ಈ ಸಣ್ಣ ಸಣ್ಣ ಬಿಳಿ ಮುಳ್ಳು ಕಾಣಿಸ್ತಾ? ಇವು ಹೊಸ ಗರಿಗಳು, ಇನ್ನೂ ಒರೆಯೊಳಗಿವೆ. ರೆಕ್ಕೆ ಬಿಡಿಸು. ಎಡಗಡೆ ಎಲ್ಲಿ ಗರಿ ಬಿದ್ದಿದೆಯೋ ಬಲಗಡೆಯೂ ಅಲ್ಲೇ ಬಿದ್ದಿದೆ, ಅಳತೆ ಇಟ್ಟು ಕತ್ತರಿಸಿದ ಹಾಗೆ. ಕಾಯಿಲೆಯಾಗಿದ್ರೆ ಅಲ್ಲೊಂದು ಇಲ್ಲೊಂದು ತೇಪೆ ಬೋಳಾಗೋದು, ಹೊಸದು ಹುಟ್ಟೋದಿಲ್ಲ. ಎದೆ ಮುಟ್ಟು. ಮೂಳೆ ಚುಚ್ಚುತ್ತಾ?"

"ಇಲ್ಲ. ದುಂಡಗಿದೆ."

"ಹೊಟ್ಟೆಯಲ್ಲಿ ಕಾಳು. ಬಾಲದ ಕೆಳಗೆ ಚೊಕ್ಕಟ. ಮೈದುನಪ್ಪ, ಇಷ್ಟು ಆರೋಗ್ಯವಂತ ಹೆಣವನ್ನ ನಾನು ಅಪರೂಪಕ್ಕೆ ನೋಡಿರೋದು. ಗರಿ ಬದಲಿಸೋಕೆ ಮೈಯ ಶಕ್ತಿಯೆಲ್ಲ ಬೇಕು. ಅದಕ್ಕೇ ಹಾಡು ನಿಲ್ಲಿಸಿತ್ತು, ಮಂಕಾಗಿತ್ತು. ಅವಳು ಹೇಳಿದ್ದೇ ಸರಿ."

"ಹಾಗಾದ್ರೆ ಸತ್ತಿದ್ದು?"

ಅತ್ತಿಗೆ ಕತ್ತರಿ ಆಡಿಸಿದರು.  ಮೈದುನ ಗೋಡೆ ಬಿಟ್ಟು ಇತ್ತ ನೋಡಿದ. ತಿಳಿ ಗುಲಾಬಿ ಇರಬೇಕಾದ ಶ್ವಾಸಕೋಶ ಕಪ್ಪುಗೆಂಪಾಗಿ, ನೀರು ಕುಡಿದ ಸ್ಪಂಜಿನಂತೆ ಉಬ್ಬಿತ್ತು.

"ಇದು ಹೊಟ್ಟೆಗೆ ಹೋದದ್ದಲ್ಲ," ಎಂದರು ಅತ್ತಿಗೆ. "ಉಸಿರಿಗೆ ಹೋದದ್ದು. ನಡಿ ಕೆಳಗೆ."

*

ಅಂಗಡಿಯ ಬಾಗಿಲು ಅರ್ಧ ಎಳೆದಿತ್ತು. ಉದ್ದನೆಯ ಕತ್ತರಿಮೇಜು, ಗೋಡೆಗೆ ನೇತುಹಾಕಿದ ಅರೆಹೊಲಿಗೆಯ ಕೋಟುಗಳು, ನೆಲದ ಮೇಲೆ ದಾರದ ಚೂರು. ಸೊಸೆ ಒಂದು ಕಪ್ಪು ಕೋಟಿಗೆ ಒದ್ದೆ ಬಟ್ಟೆ ಹಾಸಿ, ಭಾರದ ಹಳೇ ಇಸ್ತ್ರಿಪೆಟ್ಟಿಗೆಯಿಂದ ಒತ್ತುತ್ತಿದ್ದಳು. ಅವಳ ಪಕ್ಕದಲ್ಲೇ ಬಟ್ಟೆಬರೆ ಅರ್ಧ ತುಂಬಿದ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು.

ಯಜಮಾನರ ಮಗಳು ಒಳಬಾಗಿಲಲ್ಲಿ ಕೈಕಟ್ಟಿ ನಿಂತಿದ್ದಳು. ಮದುವೆಯಾಗಿ ಪಕ್ಕದ ಬೀದಿಗೆ ಹೋದವಳು, ತಮ್ಮ ಸತ್ತ ಮೇಲೆ ವಾರದಲ್ಲಿ ಮೂರು ನಾಲ್ಕು ದಿನ ಇಲ್ಲೇ. "ಬನ್ನಿ ಡಾಕ್ಟರಮ್ಮ. ನೋಡಿ ನಮ್ಮ ಮಹಾರಾಣಿಯನ್ನ. ಮನೆಯಲ್ಲಿ ಹೆಣ ಬಿದ್ದಿದ್ರೂ ಇಸ್ತ್ರಿ ನಿಂತಿಲ್ಲ."

"ನಾಳೆ ಮದುವೆ ಗಂಡಿಗೆ ಕೋಟು ಬೇಕು ಅಕ್ಕ," ಎಂದಳು ಸೊಸೆ, ತಲೆಯೆತ್ತದೆ. "ನಾನು ಹೋದ ಮೇಲೆ ನೀವು ಮಾಡ್ತೀರಾ?"

"ನೋಡಿದ್ರಾ ಬಾಯಿ!" ಮಗಳು ಡಾಕ್ಟರಮ್ಮನ ಕಡೆ ತಿರುಗಿದಳು. "ನಾನು ತಂದ ಔಷಧಿ ಬಾಟಲಿ ಖಾಲಿ. ಪೂರ್ತಿ ನೀರಿಗೆ ಸುರಿದಿದ್ದಾಳೆ. ಬೆಳಗಿನ ಜಾವ ನಾನು ಬಚ್ಚಲಿಗೆ ಎದ್ದಾಗ ಅಪ್ಪ ಇದ್ದ ಕೋಣೆಯಿಂದ ಬರ್ತಿದ್ಲು, ಸೆರಗಿನ ಮರೆಯಲ್ಲಿ ಏನೋ ಹಿಡ್ಕೊಂಡು. ಕೇಳಿದ್ರೆ ಏನೂ ಇಲ್ಲ ಅಂದ್ಲು."

ಅತ್ತಿಗೆ ಪಂಜರದ ನೀರಿನ ಬಟ್ಟಲು ಎತ್ತಿ ಬೆಳಕಿಗೆ ಹಿಡಿದರು. "ಔಷಧಿ ಯಾವ ಬಣ್ಣ?"

"ಅರಿಶಿನದ ಹಾಗಿತ್ತು."

"ನೀರು ತಿಳಿಯಾಗಿದೆ." ಅವರು ಸೊಸೆಯ ಕಡೆ ನೋಡಿದರು. "ಬಾಟಲಿ ಏನು ಮಾಡಿದೆ?"

"ಮೋರಿಗೆ ಸುರಿದೆ. ಆರೋಗ್ಯವಾಗಿರೋ ಹಕ್ಕಿಗೆ ಔಷಧಿ ಯಾಕೆ?"

ಹಕ್ಕಿಯಿದ್ದ ಕೋಣೆ ಚಿಕ್ಕದು, ಕಿಟಕಿ ಮುಚ್ಚಿತ್ತು. ಪಂಜರಕ್ಕೆ ದಿನವೂ ಹೊದಿಸುವ ತೆಳು ಹತ್ತಿ ಬಟ್ಟೆ ಮಡಿಸಿದಂತೆಯೇ ಕಪಾಟಿನಲ್ಲಿತ್ತು. ನೆಲದ ಮೇಲೆ ಬಿದ್ದಿದ್ದುದು ಮಗನ ದಪ್ಪ ಉಣ್ಣೆಯ ನಿಲುವಂಗಿ. ಮೈದುನ ಅದನ್ನು ಎತ್ತಿ ತಿರುಗಿಸಿದ. ಒಳಗಿನ ಅಸ್ತರಿನ ಮೇಲೆ ಅಂಗೈಯಗಲ ಜಾಗ ಹಳದಿಗಟ್ಟಿತ್ತು. ಅವನು ಮೂಸಿ ನೋಡಿ ಅತ್ತಿಗೆಗೆ ಕೊಟ್ಟ. ಅವರೂ ಮೂಸಿದರು. ಕಾವಿಗೆ ಸೀದ ವಾಸನೆ.

ಹೊರಗೆ ಬಂದು ಅತ್ತಿಗೆ ಸಹಜವಾಗಿ ಕೇಳಿದರು: "ಇಸ್ತ್ರಿಗೆ ಮೂರು ಹಲಗೆ ಇವೆ, ಇಸ್ತ್ರಿಪೆಟ್ಟಿಗೆ ಎರಡೇ ಇವೆಯಲ್ಲ?"

ಸೊಸೆಯ ಕೈ ನಿಂತಿತು. "ಒಂದು ಕೆಟ್ಟಿದೆ. ನಿನ್ನೆ ಸಂಜೆ ಕಾವು ಹಿಡಿತಕ್ಕೆ ಸಿಗದೆ ಒಂದು ಕಾಲರ್ ಸುಟ್ಟಿತು. ರಿಪೇರಿಗೆ ಕೊಡಬೇಕು ಅಂತ ಬದಿಗಿಟ್ಟೆ."

"ಎಲ್ಲಿ?"

"ಕೊಟ್ಟಾಯ್ತು."

ಅವಳು ಸುಳ್ಳು ಹೇಳುವುದರಲ್ಲಿ ಪಳಗಿದವಳಲ್ಲ. ಕಣ್ಣು ತಾನೇ ತಾನಾಗಿ ಮೇಜಿನಡಿಯ ಚಿಂದಿ ಚೀಲದ ಕಡೆ ಹೋಗಿ ಬಂತು. ಮೈದುನ ಮೊಣಕಾಲೂರಿ ಚೀಲಕ್ಕೆ ಕೈ ಹಾಕಿದ. ಕಪ್ಪು, ಬೂದು ಬಟ್ಟೆಯ ತುಂಡುಗಳ ಅಡಿಯಲ್ಲಿ ತಣ್ಣನೆಯ ಭಾರ. ಇಸ್ತ್ರಿಪೆಟ್ಟಿಗೆ. ಅದರ ತಳಕ್ಕೆ ಬೂಟಿನಂತೆ ತೊಡಿಸಿದ ತೆಳು ತಗಡು, ತಗಡಿನ ಮೇಲೆ ಅಂಟದ ಬಾಣಲೆಗಳಿಗೆ ಬಳಿಯುತ್ತಾರಲ್ಲ, ಅಂಥ ನುಣುಪು ಲೇಪ. ಕಪ್ಪು ಬಟ್ಟೆ ಹೊಳಪೇರದಿರಲಿ ಎಂದು ಹಾಕಿದ್ದು. ಲೇಪ ಅಂಚಿನಲ್ಲಿ ಗುಳ್ಳೆಯೆದ್ದು ಕಂದುಗಟ್ಟಿತ್ತು.

"ಸಿಕ್ಕಿತಲ್ಲ!" ಎಂದು ಮಗಳು ಕೂಗಿದಳು. "ಹಕ್ಕಿಯನ್ನ ಸುಟ್ಟು ಕೊಂದಿದ್ದಾಳೆ!"

ಸೊಸೆ ತಲೆ ತಗ್ಗಿಸಿದಳು. 

"ಸಂಜೆ ಎಲ್ಲರೂ ಇಲ್ಲೇ ಇರಿ. ಯಜಮಾನರ ಜ್ವರ ಒಂದು ಚೂರು ಇಳೀಲಿ," ಎಂದಷ್ಟೇ ಅತ್ತಿಗೆ ಹೇಳಿದರು.

*

ಮನೆಗೆ ಬಂದು ಅತ್ತಿಗೆ ಕೈ ತೊಳೆದುಕೊಂಡು ಕುಳಿತರು. ಕಗ್ಗಂಟು ಬಿಡಿಸಿದ ದಿನ ಅವರ ಮುಖದಲ್ಲಿ ಕಾಣುವ ಗೆಲುವು ಇರಲಿಲ್ಲ.

"ಗೊತ್ತಾಯ್ತು ಅಂತ ಕಾಣುತ್ತೆ," ಎಂದ ಮೈದುನ.

"ನಿನಗೂ ಗೊತ್ತಾಗಿದೆ. ಒಪ್ಪಿಕೊಳ್ಳೋಕೆ ಮನಸ್ಸಿಲ್ಲ."

ಅವನು ಕಿಟಕಿಯತ್ತ ಹೋಗಿ ನಿಂತ. "ಅತ್ತಿಗೆ, ಕಾಯಿಲೆಯಿಂದ ಸತ್ತಿತು ಅಂದುಬಿಡಿ. ಯಾರಿಗೂ ನಷ್ಟವಿಲ್ಲ. ಮುದುಕರು ಅತ್ತು ಸುಮ್ಮನಾಗ್ತಾರೆ."

"ನನಗೂ ಅದೇ ತೋಚಿತ್ತು. ಆದ್ರೆ ಯೋಚನೆ ಮಾಡು. ಕಾಯಿಲೆ ಅಂದ್ರೆ, ಕಾಯಿಲೆ ಇಲ್ಲ ಅಂದವಳು ಯಾರು? ಔಷಧಿ ಮೋರಿಗೆ ಸುರಿದವಳು ಯಾರು? ನಾವು ಕರುಣೆ ಅಂದುಕೊಂಡು ಏನೇ ಸುಳ್ಳು ಹೇಳಿದ್ರೂ ಅದು ನೇರವಾಗಿ ಅವಳ ತಲೆ ಮೇಲೇ ಹೋಗಿ ಬೀಳುತ್ತೆ."



*

ಸಂಜೆ ಅಂಗಡಿಯೊಳಗೆ ಕತ್ತರಿಮೇಜಿನ ಸುತ್ತ ಎಲ್ಲರೂ ಸೇರಿದರು. ಯಜಮಾನರ ನಡುಕ ನಿಂತಿತ್ತು, ಕೆಮ್ಮು ಕಡಿಮೆಯಾಗಿತ್ತು. ಮಗಳು ಅಪ್ಪನ ಬೆನ್ನ ಹಿಂದೆ ನಿಂತಳು. ಸೊಸೆ ಕಟ್ಟಿದ ಪೆಟ್ಟಿಗೆಯ ಮೇಲೆಯೇ ಕುಳಿತಿದ್ದಳು. ಇಸ್ತ್ರಿಪೆಟ್ಟಿಗೆ ಮೇಜಿನ ನಡುವೆ ಇತ್ತು.

"ಮೊದಲನೇದು," ಎಂದರು ಅತ್ತಿಗೆ, "ಹಕ್ಕಿಗೆ ಕಾಯಿಲೆ ಇರಲಿಲ್ಲ. ಕಾಯಿಲೆ ಬಿದ್ದ ಕೆನರಿ ಮೈ ಚೆಂಡಿನ ಹಾಗೆ ಉಬ್ಬಿಸಿಕೊಂಡು ಪಂಜರದ ತಳ ಸೇರುತ್ತೆ, ತಿನ್ನೋದು ಬಿಡುತ್ತೆ, ಉಸಿರಿಗೊಂದು ಸಲ ಬಾಲ ತೂಗುತ್ತೆ, ಎದೆ ಮೂಳೆ ಚಾಕುವಿನ ಹಾಗಾಗುತ್ತೆ. ಇದರಲ್ಲಿ ಒಂದೂ ಇರಲಿಲ್ಲ. ಮೈತುಂಬ ಹೊಸ ಗರಿ ಮೊಳೆತಿತ್ತು. ನಿಮ್ಮ ಸೊಸೆ ಹೇಳಿದ್ದು ಅಕ್ಷರಶಃ ನಿಜ.

"ಎರಡನೇದು, ವಿಷ ನೀರಲ್ಲಿ ಇರಲಿಲ್ಲ, ಕಾಳಲ್ಲಿ ಇರಲಿಲ್ಲ. ಶ್ವಾಸಕೋಶ ಒಂದೇ ಹಾಳಾಗಿತ್ತು. ಬರೀ ಸೆಕೆಗೆ ಸತ್ತಿದ್ರೂ ಹಾಗಾಗಲ್ಲ. ಒಂದು ಗರಿಯೂ ಸುಟ್ಟಿರಲಿಲ್ಲ. ಯಾವುದೋ ಹೊಗೆ ಅಥವಾ ಅನಿಲ. ಈ ಪೆಟ್ಟಿಗೆಯ ಲೇಪ ನೋಡಿ. ಇಸ್ತ್ರಿಯ ಮಾಮೂಲಿ ಕಾವಿಗೆ ಇದರಿಂದ ತೊಂದರೆ ಇಲ್ಲ. ಕಾವು ಮಿತಿ ಮೀರಿದ್ರೆ ಇದರಿಂದ ಕಣ್ಣಿಗೆ ಕಾಣದ ಅನಿಲ ಏಳುತ್ತೆ. ಹಕ್ಕಿಗಳ ಶ್ವಾಸಕೋಶ ಬಹಳ ಸೂಕ್ಷ್ಮ, ತಡೆಯೋದಿಲ್ಲ. ಕಾವಿನ ಹಿಡಿತ ಕೆಟ್ಟ ಪೆಟ್ಟಿಗೆ, ದಪ್ಪ ಉಣ್ಣೆಯ ಹೊದಿಕೆ, ಮುಚ್ಚಿದ ಕಿಟಕಿ."

"ಅದನ್ನ ಬಚ್ಚಿಟ್ಟಿದ್ದು ಇವಳೇ ತಾನೆ?" ಎಂದಳು ಮಗಳು.

"ಬಚ್ಚಿಟ್ಟಿದ್ದು ಇವಳು. ಇಟ್ಟಿದ್ದು ಬೇರೆಯವರು." ಅತ್ತಿಗೆ ಯಜಮಾನರ ಮಗಳನ್ನೇ ನೋಡುತ್ತ ದನಿ ಇಳಿಸಿದರು. "ಅದೇ ಅನಿಲ ಮನುಷ್ಯರನ್ನ ಕೊಲ್ಲೋದಿಲ್ಲ. ಆದ್ರೆ ಅದನ್ನ ಹೊತ್ತುಗಟ್ಟಲೆ ಉಸಿರಾಡಿದವರಿಗೆ ಆಮೇಲೆ ಚಳಿ ಬರುತ್ತೆ, ಜ್ವರ, ಒಣ ಕೆಮ್ಮು. ಒಂದೆರಡು ದಿನದಲ್ಲಿ ತಾನಾಗೇ ಹೋಗುತ್ತೆ. ಇವಳು ಬೆಳಿಗ್ಗೆ ನಿಂತು ಕೋಟು ಇಸ್ತ್ರಿ ಮಾಡ್ತಿದ್ಲು, ಆರೋಗ್ಯವಾಗಿ. ನೀವೂ ಚೆನ್ನಾಗಿದ್ರಿ. ಈ ಮನೆಯಲ್ಲಿ ಚಳಿಜ್ವರ ಬಂದಿದ್ದು ಒಬ್ಬರಿಗೆ."

ಯಾರೂ ಯಜಮಾನರ ಕಡೆ ನೋಡಲಿಲ್ಲ. ಅವರು ಮಾತ್ರ ಒಬ್ಬೊಬ್ಬರ ಮುಖವನ್ನೂ ನೋಡಿದರು, ಏನೋ ಅಳತೆ ತಪ್ಪಿದೆ ಎಂಬಂತೆ.

"ನಾನು ಬೆಚ್ಚಗೆ ತಾನೆ ಇಟ್ಟೆ?" ಎಂದರು. "ದರ್ಜಿ ಮನೆಯಲ್ಲಿ ಬೆಚ್ಚಗಿಡೋದು ಹಾಗೇ. ಮಗ ಕೂಸಾಗಿದ್ದಾಗ ತೊಟ್ಟಿಲ ಪಕ್ಕ ಇಸ್ತ್ರಿಪೆಟ್ಟಿಗೆ ನಿಲ್ಲಿಸಿ ಮಲಗಿಸ್ತಿದ್ವಿ. ನಮ್ಮಪ್ಪ ನನಗೂ ಹಾಗೇ ಮಾಡಿದ್ದು. ಕೆಲಸಕ್ಕೆ ಬೇಕಾದ್ದನ್ನ ಮುಟ್ಟೋದು ಬೇಡ ಅಂತ ಬದಿಗಿಟ್ಟಿದ್ದನ್ನ ತಂದೆ. ಸಣ್ಣ ಕಾವಿಗೆ ತಿರುಗಿಸಿದ್ದೆ. ಮಗನ ನಿಲುವಂಗಿ ಹೊದಿಸಿದೆ. ಎದ್ದಾಗ ಪೆಟ್ಟಿಗೆ ಇರಲಿಲ್ಲ, ಇವಳು ಕೆಲಸಕ್ಕೆ ತಗೊಂಡು ಹೋಗಿರಬೇಕು ಅಂದುಕೊಂಡೆ."

"ನಿಮ್ಮ ಅಪ್ಪನ ಪೆಟ್ಟಿಗೆ ಬರೀ ಕಬ್ಬಿಣ," ಎಂದರು ಅತ್ತಿಗೆ ಮೆಲ್ಲಗೆ. "ಅದಕ್ಕೆ ಈ ಲೇಪ ಇರಲಿಲ್ಲ. ನೀವು ಮಾಡಿದ್ದು ತಪ್ಪು ಅಂತ ನಿಮಗೆ ಗೊತ್ತಾಗೋ ದಾರಿಯೇ ಇರಲಿಲ್ಲ."

ಯಜಮಾನರು ಮೇಜಿನ ಅಂಚು ಹಿಡಿದುಕೊಂಡರು. "ಸುಮ್ಮನೆ ಬಿಟ್ಟಿದ್ರೆ ಬದುಕ್ತಿತ್ತಾ?"

"ಬದುಕ್ತಿತ್ತು."

"ಹಾಡ್ತಿತ್ತಾ?"

ಅತ್ತಿಗೆ ಒಂದು ಕ್ಷಣ ಮೈದುನನ ಕಡೆ ನೋಡಿದರು. ಅವನು ನೆಲ ನೋಡಿದ.

"ಗರಿ ತುಂಬಿದ ಮೇಲೆ ಹಾಡ್ತಿತ್ತು."

ಮುದುಕರ ಗಂಟಲಿನಿಂದ ಬಂದ ಸದ್ದು ಅಳುವಿನಂತಿರಲಿಲ್ಲ. ಬಟ್ಟೆ ಹರಿದಂತಿತ್ತು. ಮಗಳು ಹೆಗಲ ಮೇಲೆ ಕೈಯಿಟ್ಟರೆ ಕೊಡವಿದರು.

"ಮಗ ತೆಳ್ಳಗಾದಾಗ, ಸಿಳ್ಳೆ ನಿಲ್ಲಿಸಿದಾಗ, ಇವಳು ಬಡಕೊಂಡ್ಲು. ಮಾವ, ಇದು ಕಾಯಿಲೆ, ದೊಡ್ಡ ಆಸ್ಪತ್ರೆಗೆ ತೋರಿಸೋಣ ಅಂತ. ನಾನು, ಮದುವೆ ಸೀಸನ್ನಿನ ದಣಿವು, ತಾನಾಗೇ ಸರಿಹೋಗುತ್ತೆ ಅಂದೆ. ಆಗ ಸುಮ್ಮನಿದ್ದು ಕಳಕೊಂಡೆ. ಅದಕ್ಕೇ ಈ ಸಲ ಸುಮ್ಮನಿರಬಾರದು ಅಂತ…" 

 ಮೈದುನನಿಗೆ ಆಗ ಹೊಳೆಯಿತು: ಎರಡು ಸಲವೂ ಸರಿಯಾಗಿ ಕಂಡವಳು ಒಬ್ಬಳೇ. ಎರಡು ಸಲವೂ ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಯಜಮಾನರು ಸೊಸೆಯ ಕಡೆ ತಿರುಗಿದರು. "ನೀನು ನೋಡಿದೆ. ಪೆಟ್ಟಿಗೆ ಕಾದಿದ್ದು, ಹಕ್ಕಿ ಬಿದ್ದಿದ್ದು. ಯಾಕೆ ಹೇಳಲಿಲ್ಲ?"

"ಬಾಗಿಲಾಚೆ ಏನೋ ಕಮಟು ವಾಸನೆ ಬಂತು, ಬಂದು ನೋಡಿದೆ. ನೀವು ಕುರ್ಚಿಯಲ್ಲೇ ನಿದ್ದೆ ಹೋಗಿದ್ರಿ, ಕೈ ಪಂಜರದ ಮೇಲಿತ್ತು." ಸೊಸೆ ಬೆರಳಿಗೆ ಒಂದು ದಾರ ಸುತ್ತುತ್ತಿದ್ದಳು. "ಎದ್ದು ಆ ಪೆಟ್ಟಿಗೆ ನೋಡಿದ್ರೆ ನಿಮಗೆ ತಿಳಿದುಬಿಡುತ್ತೆ ಅಂತ ಎತ್ಕೊಂಡು ಹೋದೆ. ಕಾವು ಕೆಟ್ಟಿದೆ ಅಂತ ಸಂಜೆನೇ ನಾನು ಹೇಳಬೇಕಿತ್ತು, ಮರೆತೆ. ಆಮೇಲೆ ನೀವು ವಿಷ ಅಂದ್ರಿ, ನಾನು ಅಂದ್ರಿ. ಸರಿ, ನನ್ನ ಮೇಲೇ ಇರಲಿ ಅಂದುಕೊಂಡೆ. ನಿಮ್ಮ ಕೈಯಿಂದ ಇನ್ನೊಂದು ಸಾವು ಅಂತ ಗೊತ್ತಾದ್ರೆ ನೀವು ಉಳಿಯಲ್ಲ ಮಾವ."

"ಉಳಿಯೋಕೆ ಅಂತ ನಿನ್ನನ್ನ ಬೀದಿಗೆ ಹಾಕ್ತಿದ್ದೆನಾ ನಾನು?"

 ಒಳಬಾಗಿಲ ಬಳಿ ಸರಿದಿದ್ದ ಮಗಳು ಸೆರಗು ಬಾಯಿಗೊತ್ತಿಕೊಂಡಳು.

ಅತ್ತಿಗೆ ಎದ್ದು ಮೈದುನನಿಗೆ ಕಣ್ಸನ್ನೆ ಮಾಡಿದರು. ತಮ್ಮ ಕೆಲಸ ಮುಗಿದಿತ್ತು. ಉಳಿದದ್ದನ್ನು ಕೊಯ್ದು ನೋಡಿ ಹೇಳಲು ಬರುವಂಥದ್ದಲ್ಲ. ಆದರೆ ಹೊಸ್ತಿಲ ಬಳಿ ಮೈದುನನ ಕಾಲು ತಡೆಯಿತು.

ಯಜಮಾನರು ಮೇಜು ಹಿಡಿದುಕೊಂಡೇ ಸುತ್ತು ಹಾಕಿ ಸೊಸೆಯ ಎದುರು ಬಂದು ನಿಂತಿದ್ದರು. ಕ್ಷಮಿಸು ಎಂಬ ಮಾತು ಬರುತ್ತದೆಂದು ಅವನು ಕಾದ. ಬರಲಿಲ್ಲ.

"ಇರು," ಎಂದರು ಅವರು.

ಸೊಸೆ ಪೆಟ್ಟಿಗೆಯ ಮೇಲಿಂದ ಎದ್ದಳು. ಎದ್ದವಳು ಅದನ್ನು ಬಿಚ್ಚಲೂ ಇಲ್ಲ, ಎತ್ತಿಕೊಳ್ಳಲೂ ಇಲ್ಲ.

"ಇವತ್ತು ಇರ್ತೀನಿ ಮಾವ. ಮದುವೆ ಕೋಟಿಗೆ ಇನ್ನೂ ಗುಂಡಿ ಹಾಕೋದಿದೆ. ನಾಳೆ ಏನು ಅಂತ ನಾಳೆ ಕೇಳಿ. ಕೇಳಿದ ಮೇಲೆ, ನಾನು ಹೇಳಿದ್ದನ್ನ ನಂಬಿ."

ಮುದುಕರು ತಲೆಯಾಡಿಸಿದರು.

"ಕೇಳ್ತೀನಿ," ಎಂದರು. "ದಿನಾ ಕೇಳ್ತೀನಿ."